ಮಂಡಿಯೂರಿದ ಸೈನ್ಯ

ಫೆಬ್ರವರಿ 2, ಭಾನುವಾರ

ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಮಗಳು, ತಾನು ಮದುವೆಯಾಗಬೇಕೆಂದಿದ್ದೇನೆ ಎಂದಳು. ನೀರಿನ ಜಗ್ಗು ಇತ್ತ ಕೊಡಿ ಎನ್ನುವಷ್ಟು ಸಲೀಸಾಗಿ. ಹುಡುಗ ಲಿಫ್ಟ್ ರಿಪೇರಿ ಕೆಲಸದವನಂತೆ. ನಾನು ನನ್ನಾಕೆಯ ಮುಖ ನೋಡಿದೆ. ಅವಳು ತಟ್ಟೆಯ ಮುಖ ನೋಡುತ್ತಿದ್ದಳು. ಈ ಮನೆಯಲ್ಲಿ ಸುದ್ದಿ ಎಂಬುದು ಎಲ್ಲರನ್ನೂ ಸುತ್ತಿಕೊಂಡು ಕೊನೆಗೆ ನನ್ನ ಬಳಿ ಬರುತ್ತದೆ, ಅದೂ ಆರಿ ತಣ್ಣಗಾದ ಮೇಲೆ.

ಕೆದಕಿದಾಗ ಒಂದೊಂದಾಗಿ ಹೊರಬಿತ್ತು. ನನ್ನಾಕೆ ನಡೆಸುವ ಡ್ರೈವಿಂಗ್ ಸ್ಕೂಲಿನಲ್ಲಿ ಅವನು ಕಾರು ಕಲಿತವನು. ಅಮ್ಮ ಮರೆತುಹೋಗಿದ್ದ ಊಟದ ಡಬ್ಬಿ ಕೊಡಲು ಹೋದಾಗ ಮಗಳಿಗೆ ಪರಿಚಯವಾದವನು. ನನ್ನಾಕೆ ಅವನನ್ನು ಎರಡೂ ಪರೀಕ್ಷೆಗಳಲ್ಲಿ ಆಗಲೇ ಪಾಸು ಮಾಡಿಬಿಟ್ಟಿದ್ದಾಳೆ. ಸ್ಟಿಯರಿಂಗ್ ಹಿಡಿದಾಗ ಮನುಷ್ಯನ ನಿಜಬಣ್ಣ ಹೊರಬರುತ್ತದೆ, ಇವನು ಒಮ್ಮೆಯೂ ಯಾರನ್ನೂ ಬೈದಿಲ್ಲ ಎಂಬುದು ಅವಳ ಸರ್ಟಿಫಿಕೇಟು. ಕಾರು ಓಡಿಸಲು ಬಂದರೆ ಅಳಿಯನಾಗಲು ಸಾಕೇ ಎಂದು ಕೇಳಿದೆ.

"ನಿಮಗಿಂತ ಚೆನ್ನಾಗಿ ರಿವರ್ಸ್ ತೆಗೀತಾನೆ" ಎಂದಳು. ಇದು ನನ್ನ ಪ್ರಶ್ನೆಗೆ ಉತ್ತರವಲ್ಲ.

ಆಮೇಲೆ ಮಗಳು, ನನ್ನನ್ನು ಒಲಿಸಿಕೊಳ್ಳಲೆಂದೇ ಇರಬೇಕು, ಅವನೂ ನನ್ನ ಹಾಗೆಯೇ ಗೊಂಬೆ ಆಡುತ್ತಾನೆ ಎಂದಳು. ಗೊಂಬೆ ಅಲ್ಲ ಎಂದೆ. ಹೆಬ್ಬೆರಳೆತ್ತರದ ಸಿಪಾಯಿಗಳಿಗೆ ಬಣ್ಣ ಬಳಿದು, ಮೇಜಿನ ಮೇಲೆ ಬೆಟ್ಟ, ಗೋಡೆ, ಹಳ್ಳ ಜೋಡಿಸಿ, ಅಳತೆಪಟ್ಟಿ ಹಿಡಿದು ಅವರನ್ನು ನಡೆಸಿ, ದಾಳ ಉರುಳಿಸಿ ಮಾಡುವ ಯುದ್ಧಕ್ಕೆ ಗೊಂಬೆಯಾಟ ಎನ್ನಬಾರದೆಂದು ಮದುವೆಯಾದಾಗಿನಿಂದ ಈ ಮನೆಯಲ್ಲಿ ಹೇಳುತ್ತಲೇ ಇದ್ದೇನೆ.

ಆದರೆ ಅವಳ ಮಾತಿನಿಂದ ನನಗೊಂದು ದಾರಿ ಹೊಳೆಯಿತು. ಆ ಮೇಜಿನ ಮುಂದೆ ನಿಂತಾಗ ಯಾರೂ ತಮ್ಮ ಗುಣ ಮುಚ್ಚಿಡಲಾರರು. ಮಾರ್ಚ್ 23ಕ್ಕೆ ನಮ್ಮ ಪಂದ್ಯಾವಳಿ ಇದೆ. ಅವನೂ ಆಡಲಿ, ಅಲ್ಲಿಯವರೆಗೆ ನೋಡಿ ಆಮೇಲೆ ನನ್ನ ತೀರ್ಮಾನ ತಿಳಿಸುತ್ತೇನೆ ಎಂದೆ.

"ದಾಳ ಉರುಳಿಸಿ ಹೆಣ್ಣುಮಕ್ಕಳ ಗತಿ ನಿರ್ಧಾರ ಮಾಡಿದ್ರೆ ಏನಾಗತ್ತೆ ಅಂತ ಲೋಕಕ್ಕೆಲ್ಲ ಗೊತ್ತು, ಅಪ್ಪ" ಎಂದಳು ಮಗಳು. "ನೀನು ಒಪ್ಪದಿದ್ರೂ ಮದುವೆ ಆಗತ್ತೆ. ಒಪ್ಪಿದ್ರೆ ಚೆನ್ನಾಗಿರತ್ತೆ, ಅಷ್ಟೆ."

ಎದ್ದು ಹೋದಳು. ಕಿವಿ ಪರೀಕ್ಷೆ ಮಾಡುವುದು ಅವಳ ಉದ್ಯೋಗ. ಅಪ್ಪನ ಕಿವಿಯಲ್ಲಿ ಯಾವ ದೋಷವೂ ಇಲ್ಲ, ಕೇಳಿಸಿಕೊಳ್ಳುವ ಅಭ್ಯಾಸವಿಲ್ಲ ಅಷ್ಟೆ ಎಂದು ಅಡುಗೆಮನೆಯಲ್ಲಿ ಅಮ್ಮನಿಗೆ ಪಿಸುಗುಟ್ಟಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಫೆಬ್ರವರಿ 4, ಮಂಗಳವಾರ

ಕಟ್ಟುಹಲ್ಲು ತಯಾರಿಸುವ ನನ್ನ ಲ್ಯಾಬಿರುವ ಕಟ್ಟಡದ ಲಿಫ್ಟ್ ಕೆಟ್ಟು ನಿಂತಿದೆ. ನಾಲ್ಕು ಮಹಡಿ ಹತ್ತಿ ಏದುಸಿರು ಬಿಡುತ್ತಾ ಕೂತರೆ ಹಲ್ಲಿನ ಸೆಟ್ಟಿನಲ್ಲಿ ಹಲ್ಲು ಓರೆಯಾಗಿ ಕೂರುತ್ತದೆ. ಬಲ ಮಂಡಿ ಊದಿಕೊಂಡಿದೆ. ಲಿಫ್ಟ್ ರಿಪೇರಿಯವರನ್ನು ನಂಬಿದರೆ ಇಷ್ಟೇ.

ಫೆಬ್ರವರಿ 9, ಭಾನುವಾರ

ಆ ಲಿಫ್ಟಿನವನನ್ನು ಇವತ್ತು ನೋಡಿದೆ.

ಕನ್ನಡಕದಂಗಡಿಯ ಹಿಂದಿನ ಕೋಣೆಗೆ, ಎಂದಿನಂತೆ ನಾವೆಲ್ಲ ಆಡುವಲ್ಲಿಗೆ, ಕೆಲಸದ ಟೂಲ್‌ಬಾಕ್ಸಿನಲ್ಲೇ ಸೈನ್ಯವನ್ನು ತುಂಬಿಕೊಂಡು ಬಂದಿದ್ದ. ಉಗುರುಗಳಲ್ಲಿ ಗ್ರೀಸು. ಅವನಿಗೆ ನಮ್ಮ ಕ್ರಮ ತಿಳಿಸಿದೆ. ನನ್ನ ಸಿಪಾಯಿಗೆ ನಿನ್ನ ಸಿಪಾಯಿ ಕಂಡರೆ ಗುಂಡು ಹೊಡೆಯಬಹುದು, ಕಾಣದಿದ್ದರೆ ಹೊಡೆಯುವ ಹಾಗಿಲ್ಲ. ಸೇನಾಪತಿ ಬಿದ್ದರೆ, ಇಲ್ಲವೇ ಬಾವುಟ ಕೈಬಿಟ್ಟರೆ, ಆಟ ಮುಗಿಯಿತು. ಕಾಣುತ್ತದೋ ಇಲ್ಲವೋ ಎಂದು ಜಗಳ ಬಂದರೆ ಅಂಗಡಿಯ ಕನ್ನಡಕದವರೇ ತೀರ್ಪುಗಾರರು. ಹಲ್ಲಿನ ಡಾಕ್ಟರು ಬಾಯೊಳಗೆ ಹಿಡಿಯುವ ಪುಟ್ಟ ಕನ್ನಡಿಯೊಂದನ್ನು ನಾನು ಅವರಿಗೆ ಕೊಟ್ಟಿದ್ದೇನೆ. ಅದನ್ನು ಸಿಪಾಯಿಯ ತಲೆಯ ಪಕ್ಕ ಹಿಡಿದು, ಒಂದು ಕಣ್ಣು ಮುಚ್ಚಿ, ಗಿರಾಕಿಗೆ ನಂಬರು ಹೇಳುವ ಗಾಂಭೀರ್ಯದಲ್ಲಿ ಕಾಣುತ್ತದೆ ಅಥವಾ ಕಾಣುವುದಿಲ್ಲ ಎನ್ನುತ್ತಾರೆ. ಅದರ ಮೇಲೆ ಅಪೀಲಿಲ್ಲ.

ಅವನು ಸೈನ್ಯ ಜೋಡಿಸಿದ. ಸಿಪಾಯಿಗಳು ಪರವಾಗಿಲ್ಲ. ಆದರೆ ಆ ಸೇನಾಪತಿ! ಬೆಂಡಿನಿಂದ ಬಂಡೆಯೊಂದನ್ನು ಕೊರೆದು, ಅದರ ನೆತ್ತಿಯ ಮೇಲೆ ಅವನನ್ನು ಅಂಟಿಸಿ, ಎತ್ತಿದ ಕೈಯಲ್ಲಿ ಬಾವುಟ ಬೇರೆ ಕೊಟ್ಟಿದ್ದಾನೆ. ಉಳಿದವರಿಗಿಂತ ಎರಡು ಪಟ್ಟು ಎತ್ತರ. ಮೇಜಿನ ಯಾವ ಮೂಲೆಯಲ್ಲಿ ಕೂತ ಕುರುಡನಿಗೂ ಕಾಣಬೇಕು. ಯಾಕಪ್ಪಾ ಹೀಗೆ ಎಂದು ಕೇಳಿದೆ.

"ಸೇನಾಪತಿ ಅಂದ್ಮೇಲೆ ಅವನ ಸಿಪಾಯಿಗಳಿಗೆ ಕಾಣಬೇಕಲ್ವಾ ಸಾರ್" ಎಂದ.

ಶತ್ರುಗಳಿಗೂ ಕಾಣುತ್ತಾನಲ್ಲ ಎಂದೆ. ಹೌದು, ಅದೊಂದು ತೊಂದರೆ ಇದೆ ಎಂದು ಒಪ್ಪಿಕೊಂಡ.

ಎರಡನೇ ಸುತ್ತಿಗೇ ಅವನ ಸೇನಾಪತಿಯನ್ನು ಉರುಳಿಸಿದೆ. ಹಲ್ಲು ಕೀಳುವುದಕ್ಕಿಂತ ಸುಲಭವಾಯಿತು. ಅವನು ನಗುತ್ತಾ ಕೈ ಕುಲುಕಿ, ಬಿದ್ದ ರೀತಿ ಚೆನ್ನಾಗಿತ್ತು ಎಂದ. ಸೋತವನ ಮುಖ ಸೋತವನ ಮುಖದ ಹಾಗಿರಬೇಕು. ಇದು ಯಾವ ಸೀಮೆ ನಡವಳಿಕೆ?

ಪೆದ್ದನಿರಬೇಕು, ಇಲ್ಲವೇ ಪ್ರಾಮಾಣಿಕನಿರಬೇಕು. ಅಳಿಯನಾಗುವವನಲ್ಲಿ ಯಾವುದು ಹೆಚ್ಚು ಅಪಾಯ ಎಂದು ಯೋಚಿಸುತ್ತಿದ್ದೇನೆ.

ಫೆಬ್ರವರಿ 13, ಗುರುವಾರ

ಪಂದ್ಯಾವಳಿಗೆ ಹೊಸ ಸೈನ್ಯ ಕಟ್ಟಬೇಕೆಂದು ತೀರ್ಮಾನಿಸಿದ್ದೇನೆ. ಎಲ್ಲರೂ ಪೆಟ್ಟಿಗೆಯಿಂದ ತೆಗೆದ ಹಾಗೇ ನೆಟ್ಟಗೆ ನಿಂತ ಸಿಪಾಯಿಗಳನ್ನು ಆಡಿಸುತ್ತಾರೆ. ಬಾಗಿಲು ಕಾಯುವವರಂತೆ. ಯುದ್ಧದಲ್ಲಿ ದಣಿವೆಂಬುದಿಲ್ಲವೇ? ಮಂಡಿಯೂರಿ ಒಂದು ಗಳಿಗೆ ಸುಧಾರಿಸಿಕೊಳ್ಳುವವರಿಲ್ಲವೇ? ಬೆನ್ನು ಬಾಗಿದ, ಮಂಡಿಯೂರಿದ, ಬಳಲಿದ ಸೈನ್ಯ. ಅದರಲ್ಲಿ ಎಂಥ ಕರುಣೆ, ಎಂಥ ಮಾನವೀಯತೆ! ಅಳತೆ ಮಾಡಿ ಕೆತ್ತಿದರೆ ನೋಡಿದವರ ಕಣ್ಣಲ್ಲಿ ನೀರು ಬರಬೇಕು.

ಸಂಜೆ ಕನ್ನಡಕದಂಗಡಿಗೆ ಹೋಗಿ ಮೇಜಿನ ಮೇಲಿರುವ ಗೋಡೆಗಳ ಎತ್ತರ ಅಳೆದುಕೊಂಡು ಬಂದೆ. ಕಲೆಯಲ್ಲಿ ಪ್ರಮಾಣ ಮುಖ್ಯ.

ಫೆಬ್ರವರಿ 18, ಮಂಗಳವಾರ

ಹತ್ತು ಸಿಪಾಯಿಗಳ ಕಾಲು ಮುಗಿಯಿತು. ಕೂದಲೆಳೆಯ ಗರಗಸದಲ್ಲಿ ಮಂಡಿಯ ಕೆಳಗೆ ಕತ್ತರಿಸಿ, ಬಿಸಿ ಮಾಡಿ ಬಾಗಿಸಿ, ಸಂದಿಗೆ ಮೇಣ ತುಂಬಿ, ಅರದಿಂದ ಉಜ್ಜಿ ನಯ ಮಾಡಿದೆ. ಮೂವತ್ತು ವರ್ಷ ಊರಿನ ಬೊಚ್ಚುಬಾಯಿಗಳಿಗೆಲ್ಲ ಹಲ್ಲು ಕೊಟ್ಟ ಕೈ ಇದು, ಸುಮ್ಮನೆ ಅಲ್ಲ. ಪ್ರತಿಯೊಬ್ಬನ ಕಣ್ಣಿಗೂ ಅರೆಮುಚ್ಚಿದ ರೆಪ್ಪೆ ಕೊಟ್ಟಿದ್ದೇನೆ.

ನನ್ನಾಕೆ ಚಹಾ ತಂದಿಟ್ಟು ಸಾಲಾಗಿ ನಿಲ್ಲಿಸಿದ್ದ ಅವರನ್ನು ಬಗ್ಗಿ ನೋಡಿದಳು. ನನ್ನ ಎದೆ ಉಬ್ಬಿತು.

"ಎಲ್ರೂ ಯಾಕೆ ಹೀಗೆ ಕುಕ್ಕರಗಾಲಲ್ಲಿ ಕೂತಿದಾರೆ? ಹೊಟ್ಟೆ ಕೆಟ್ಟಿದೆಯಾ?" ಎಂದಳು.

ಕಲೆಗೂ ಈ ಮನೆಗೂ ದೂರ. ಇವತ್ತು ನನ್ನ ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿಯುವಾಗ ಪಕ್ಕಕ್ಕೆ ತಿರುಗಿ ಏಡಿಯ ಹಾಗೆ ಇಳಿಯಬೇಕಾಯಿತು.

ಫೆಬ್ರವರಿ 24, ಸೋಮವಾರ

ಕೋಪ ಇನ್ನೂ ಇಳಿದಿಲ್ಲ.

ಬೆಳಿಗ್ಗೆ ಲ್ಯಾಬಿನ ಕಟ್ಟಡಕ್ಕೆ ಹೋದರೆ ಲಿಫ್ಟಿನ ಗುಂಡಿಯೊಳಗಿಂದ ಒಂದು ತಲೆ ಮೇಲೆ ಬಂತು. ನೋಡಿದರೆ ಅವನೇ. ನಮ್ಮ ಕಟ್ಟಡದ ರಿಪೇರಿಗೆ ಅವನನ್ನೇ ಕಳಿಸಿದ್ದಾರೆ. ಅವನು ಓಡಿಸಿ ನೋಡಿದಾಗ ಲಿಫ್ಟ್ ಚೆನ್ನಾಗಿಯೇ ಮೇಲೆ ಹೋಗಿ ಕೆಳಗೆ ಬರುತ್ತಿತ್ತು, ನಾನೇ ಕಣ್ಣಾರೆ ಕಂಡೆ. ಕಟ್ಟಡದ ಮಾಲೀಕ ಶುರು ಮಾಡು ಎಂದ. ಇವನು ಬ್ರೇಕಿನ ಒಂದು ಭಾಗ ಸವೆದಿದೆ, ಹೊಸದು ಬರುವುದು ಗುರುವಾರ, ಅಲ್ಲಿಯವರೆಗೆ ಆಗುವುದಿಲ್ಲ ಎಂದು ಬೀಗ ಜಡಿದ. ಮಾಲೀಕ ಕೂಗಾಡಿದ, ಮೇಲಧಿಕಾರಿಗೆ ಫೋನ್ ಮಾಡುತ್ತೇನೆಂದ. ಇವನು ನಂಬರನ್ನೂ ತಾನೇ ಹೇಳಿಕೊಟ್ಟ.

ಎಲ್ಲರೂ ಹೋದ ಮೇಲೆ ನಾನು ಹತ್ತಿರ ಹೋದೆ. ಕೈಯಲ್ಲಿ ಹಲ್ಲಿನ ಸೆಟ್ಟುಗಳ ಟ್ರೇ ಇತ್ತು, ಕಾಲ ಬಳಿ ಪ್ಲಾಸ್ಟರಿನ ಮೂಟೆ. ಮಂಡಿ ತೋರಿಸಿದೆ. ನನ್ನೊಬ್ಬನನ್ನು ಮಾತ್ರ ಒಂದು ಸಲ ಮೇಲೆ ಬಿಟ್ಟುಬಿಡು, ಯಾರಿಗೂ ಹೇಳುವುದಿಲ್ಲ ಎಂದೆ. ನಾನು ಯಾರು, ಅವನ ಯಾವ ವಿಷಯ ನನ್ನ ಕೈಯಲ್ಲಿದೆ ಎಂಬುದನ್ನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಹಾಗೆ ನಿಂತಿದ್ದೆ.

"ನೀವು ಯಾರು ಅಂತ ನನಗೆ ಗೊತ್ತು ಸಾರ್" ಎಂದ. "ಲಿಫ್ಟಿಗೆ ಗೊತ್ತಿಲ್ಲ."

ಇಂಥ ಮಾತು! ಹಿರಿಯರೆಂಬ ಮರ್ಯಾದೆ ಬೇಡವೇ? ಆಮೇಲೆ ಪ್ಲಾಸ್ಟರಿನ ಮೂಟೆಯನ್ನು ಹೆಗಲಿಗೇರಿಸಿ ನಾಲ್ಕೂ ಮಹಡಿ ನನ್ನ ಜೊತೆ ಹತ್ತಿದ. ನಾನು ನಿಂತಲ್ಲೆಲ್ಲ ತಾನೂ ನಿಂತ, ತನಗೇ ದಣಿವಾದವನ ಹಾಗೆ. ಮೂಟೆ ಹೊತ್ತುಬಿಟ್ಟರೆ ಆಯಿತೇ?

ಮನೆಯಲ್ಲಿ ಹೇಳಿದರೆ ನನ್ನಾಕೆ, ಅವನು ಹಳದಿ ದೀಪಕ್ಕೂ ಗಾಡಿ ನಿಲ್ಲಿಸುತ್ತಾನೆ ಎಂದಳು. ಹೆಮ್ಮೆಯಿಂದ.

ಫೆಬ್ರವರಿ 27, ಗುರುವಾರ

ಲಿಫ್ಟ್ ಶುರುವಾಯಿತು. ಮೊದಲು ಮರಳಿನ ಚೀಲ ತುಂಬಿ ಓಡಿಸಿದ, ಆಮೇಲೆ ತಾನೊಬ್ಬನೇ ಹೋಗಿ ಬಂದ, ಆಮೇಲೆ ಬಾಗಿಲು ಹಿಡಿದು ಈಗ ಬನ್ನಿ ಸಾರ್ ಎಂದ. ನಯವಾಗಿ ಏರಿತು. ಒಂದು ಹಲ್ಲೂ ಟ್ರೇಯಲ್ಲಿ ಅಲುಗಲಿಲ್ಲ. ಹೇಳಬೇಕಾದದ್ದು ಹೇಳಬೇಕು.

ಮಾರ್ಚ್ 2, ಭಾನುವಾರ

ಹೊಸ ಸೈನ್ಯವನ್ನು ಇವತ್ತು ಮೊದಲ ಸಲ ಕಣಕ್ಕಿಳಿಸಿದೆ. ಎದುರಾಳಿ ಲಿಫ್ಟಿನ ಹುಡುಗ.

ಅವನು ಆಟ ಮರೆತು ನನ್ನ ಸಿಪಾಯಿಗಳನ್ನು ಒಬ್ಬೊಬ್ಬರನ್ನಾಗಿ ಎತ್ತಿ ನೋಡಿದ. ರೆಪ್ಪೆಗಳನ್ನು ನೋಡಿ, ಇವನಿಗೆ ನಿದ್ದೆ ಬರ್ತಿದೆ ಸಾರ್, ಪಾಪ ಎಂದ. ಈ ಊರಿನಲ್ಲಿ ಕಣ್ಣಿರುವವನು ಒಬ್ಬನಾದರೂ ಸಿಕ್ಕಿದ.

ಆಟ ಶುರುವಾಯಿತು. ನನ್ನವರು ಗೋಡೆಯ ಹಿಂದೆ ಮಂಡಿಯೂರಿದರು. ನೆತ್ತಿಯ ಕೂದಲೂ ಹೊರಗೆ ಕಾಣಲಿಲ್ಲ. ನನ್ನ ಸರದಿ ಬಂದಾಗ ಗೋಡೆಯ ತುದಿಯಿಂದ ಒಬ್ಬೊಬ್ಬನೇ ಇಣುಕಿ ಹೊಡೆಯುವುದು, ಮತ್ತೆ ಮರೆಯಾಗುವುದು. ಅವನ ಕಡೆಯವರು ಬಯಲಲ್ಲಿ ನಿಂತು ತಾವರೆ ಕೊಳದ ಕೊಕ್ಕರೆಗಳಂತೆ ಬೀಳತೊಡಗಿದರು. ಅರ್ಧ ಆಟದಲ್ಲಿ ಅವನು ಕೇಳಿದ, ಕತ್ತರಿಸದೆ ಇರುವ ಒಂದು ಸಿಪಾಯಿ ನಿಮ್ಮ ಹತ್ತಿರ ಇದ್ದರೆ, ಕಾಣುತ್ತದೋ ಇಲ್ಲವೋ ಎಂದು ನೋಡುವಾಗ ಮಾತ್ರ ಅದನ್ನು ಆ ಜಾಗದಲ್ಲಿಟ್ಟು ನೋಡೋಣವೇ ಎಂದು. ತಾನು ಮೊದಲು ಆಡುತ್ತಿದ್ದ ಕಡೆ ಹಾಗೆ ಮಾಡುತ್ತಿದ್ದರಂತೆ. ಯಾರು ಬೇಕಾದರೂ ಹೇಗೆ ಬೇಕಾದರೂ ಕೆತ್ತಿಕೊಳ್ಳಬಹುದು, ಯಾರಿಗೂ ನಷ್ಟವಿಲ್ಲವಂತೆ.

ಮೇಜಿನ ಮೇಲೆ ಏನಿದೆಯೋ ಅದು ಇದೆ ಎಂದೆ.

"ಸರಿ ಸಾರ್. ಏನಿದೆಯೋ ಅದು" ಎಂದ. ಆಮೇಲೆ ಆ ಮಾತೇ ಎತ್ತಲಿಲ್ಲ.

ನನ್ನ ಒಬ್ಬ ಸಿಪಾಯಿಯೂ ಬೀಳಲಿಲ್ಲ. ಇಷ್ಟು ದೊಡ್ಡ ಗೆಲುವು ಎಂದೂ ಸಿಕ್ಕಿರಲಿಲ್ಲ. ಆದರೂ ಯಾಕೋ ಉಪ್ಪು ಹಾಕದ ಅಡುಗೆ ಉಂಡ ಹಾಗಿತ್ತು. ಕನ್ನಡಕದವರು ಕೊಡುವ ಚಹಾ ಇತ್ತೀಚೆಗೆ ಕೆಟ್ಟಿದೆ, ಅದರಿಂದಲೇ ಇರಬೇಕು.

ಮಾರ್ಚ್ 9, ಭಾನುವಾರ

ಹುಡುಗ ಮನೆಗೆ ಬಂದಿದ್ದ. ಮಗಳನ್ನು ನೋಡಲೆಂದುಕೊಂಡೆ. ನನಗೆ ರೆಪ್ಪೆ ಕೆತ್ತುವುದು ಹೇಳಿಕೊಡಿ ಎಂದು ಟೂಲ್‌ಬಾಕ್ಸ್ ಬಿಚ್ಚಿ ಕೂತ. ಮೇಣವನ್ನು ಸೂಜಿಯ ತುದಿಗೆ ತೆಗೆದುಕೊಂಡು, ಉಸಿರು ಬಿಗಿಹಿಡಿದು, ಮೇಲಿನಿಂದ ಕೆಳಕ್ಕೆ ಒಂದೇ ಎಳೆ ಎಳೆಯಬೇಕು. ಅವನು ಮೊದಲು ಮಾಡಿದ್ದು ಹುಬ್ಬಿನ ಮೇಲೆ ಕಂಬಳಿಹುಳ ಕೂತಂತಿತ್ತು. ನಕ್ಕುಬಿಟ್ಟೆ. ಅವನೂ ನಕ್ಕ. ಐದಾರು ಸಲ ಕೆಡಿಸಿದ ಮೇಲೆ ಕೈ ಕೂತಿತು. ಕೈ ಪರವಾಗಿಲ್ಲ. ಹಲ್ಲಿನ ಕೆಲಸಕ್ಕೆ ಸೇರಿದ್ದರೆ ಮುಂದೆ ಬರುತ್ತಿದ್ದ.

ಸಂಜೆ ಎಷ್ಟು ಹೊತ್ತಿಗೆ ಕತ್ತಲಾಯಿತೋ ತಿಳಿಯಲಿಲ್ಲ. ಮಗಳು ಎರಡು ಸಲ ಬಾಗಿಲಲ್ಲಿ ನಿಂತು ನೋಡಿ, ನನ್ನನ್ನ ನೋಡೋಕೆ ಬಂದಿದ್ದು ಅಂದ್ಕೊಂಡಿದ್ದೆ ಎಂದು ಹೇಳಿ ಹೋದಳು.

ಅವನು ಹೋದ ಮೇಲೆ ನನ್ನಾಕೆ, ನೀವು ಬಹಳ ದಿನದ ಮೇಲೆ ನಕ್ಕಿರಿ ಎಂದಳು. ಕಂಬಳಿಹುಳ ಕಂಡರೆ ಯಾರಿಗೂ ನಗು ಬರುತ್ತದೆ ಎಂದೆ.

ಮಾರ್ಚ್ 16, ಭಾನುವಾರ

ಬರೆಯುವಂಥದ್ದು ಏನೂ ಇಲ್ಲ. ಹುಡುಗ ಬರಲಿಲ್ಲ. ಯಾವುದೋ ಆಸ್ಪತ್ರೆಯ ಲಿಫ್ಟಿಗೆ ಡ್ಯೂಟಿಯಂತೆ. ಸಂಜೆಯವರೆಗೂ ಮೇಣ ಬಿಸಿ ಮಾಡಿಟ್ಟುಕೊಂಡಿದ್ದೆ, ದಂಡವಾಯಿತು. ಬರದಿದ್ದರೆ ನನಗೇನು.

ಮಾರ್ಚ್ 21, ಶುಕ್ರವಾರ

ಸೈನ್ಯ ಸಿದ್ಧ. ಕೊನೆಯವನಿಗೂ ವಾರ್ನಿಷ್ ಹಚ್ಚಿ ಒಣಗಲು ಇಟ್ಟಿದ್ದೇನೆ. ಎಲ್ಲರ ಮಂಡಿಯೂ ನೆಲದಲ್ಲಿದೆ, ಎಲ್ಲರ ಕಣ್ಣೂ ಅರೆಮುಚ್ಚಿದೆ. ನೋಡುತ್ತಾ ಕೂತರೆ ದಣಿದವರ ಹಾಗೆ ಕಾಣುತ್ತಿಲ್ಲ, ಅವಿತುಕೊಂಡವರ ಹಾಗೆ ಕಾಣುತ್ತಿದ್ದಾರೆ. ಬೆಳಕು ಸರಿಯಿಲ್ಲ. ಬಲ್ಬು ಬದಲಾಯಿಸಬೇಕು.

ಮಾರ್ಚ್ 23, ಭಾನುವಾರ

ಪಂದ್ಯಾವಳಿ ಮುಗಿಯಿತು. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ, ಯಾಕೆಂದರೆ ನನ್ನಾಕೆ ಆಗಲೇ ಇದನ್ನು ಬೇರೆ ರೀತಿ ಹೇಳಿಕೊಂಡು ತಿರುಗುತ್ತಿದ್ದಾಳೆ.

ಎಂಟು ಮಂದಿ ಆಟಗಾರರು, ನಾಲ್ಕು ಮೇಜು. ನನಗೆ ಮೊದಲ ಸುತ್ತಿನಲ್ಲಿ ಬೇಕರಿಯವನು ಎದುರಾಳಿ. ಪಕ್ಕದ ಮೇಜಿನಲ್ಲಿ ಹುಡುಗನಿಗೆ ಫೋಟೋ ಸ್ಟುಡಿಯೋದವನು. ಈ ಸ್ಟುಡಿಯೋದವನಿಗೆ ಸೋಲುವುದೆಂದರೆ ಹೊಟ್ಟೆನೋವು. ಹೋದ ವರ್ಷ ನನ್ನ ಕೈಲಿ ಸೋತು ಮೂರು ತಿಂಗಳು ಎದುರು ಸಿಕ್ಕರೂ ಮುಖ ತಿರುಗಿಸುತ್ತಿದ್ದ.

ನನ್ನವರು ಗೋಡೆಯ ಹಿಂದೆ ಸೇರಿಕೊಂಡಿದ್ದರು, ಬೇಕರಿಯವನು ಬೆವರುತ್ತಿದ್ದ. ಆಗ ಪಕ್ಕದಲ್ಲಿ ಗದ್ದಲ ಎದ್ದಿತು. ಹುಡುಗನ ಬಂಡೆಯ ಮೇಲಿನ ಸೇನಾಪತಿ, ಆ ಎತ್ತರದಿಂದ ಗೋಡೆಯಾಚೆ ಅಡಗಿದ್ದ ಸ್ಟುಡಿಯೋದವನ ತೋಪಿನವನನ್ನು ಕಂಡು ಹೊಡೆದುಬಿಟ್ಟಿದ್ದ. ಅವನ ಇಡೀ ಆಯುಷ್ಯದಲ್ಲಿ ಆ ಎತ್ತರದಿಂದ ಆದ ಲಾಭ ಅದೊಂದೇ ಇರಬೇಕು. ಸ್ಟುಡಿಯೋದವನು ಮೇಜು ಬಡಿದು, ಇದು ಮೋಸ, ಬೇಕೆಂದೇ ಎತ್ತರ ಮಾಡಿಕೊಂಡು ಬಂದಿದ್ದಾನೆ, ಇವನನ್ನು ಹೊರಗೆ ಹಾಕಿ ಎಂದ.

ಹುಡುಗ ಮೇಜನ್ನೊಮ್ಮೆ ನೋಡಿ, ನೀವು ಹೇಳುವುದು ಸರಿ ಇರಬಹುದು, ನನಗೆ ಹೊಳೆದಿರಲಿಲ್ಲ, ಆ ಹೊಡೆತ ಬಿಟ್ಟುಬಿಡೋಣ, ನಿಮ್ಮ ತೋಪಿನವನನ್ನು ಎಬ್ಬಿಸಿ ನಿಲ್ಲಿಸಿ ಎಂದ. ಅಲ್ಲಿಗೆ ಮುಗಿಯಬೇಕಿತ್ತು. ಸ್ಟುಡಿಯೋದವನು ಬಿಡಲಿಲ್ಲ.

"ಸಿಕ್ಕಿಬಿದ್ದ ಮೇಲೆ ಕಳ್ಳರೆಲ್ಲ ಹೀಗೇ ಹೇಳೋದು" ಎಂದ.

ಕನ್ನಡಕದವರು ಕನ್ನಡಿ ಹಿಡಿದುಕೊಂಡು ಪೇಚಾಡುತ್ತಿದ್ದರು. ಸಿಪಾಯಿಯ ರೂಪ ಬದಲಿಸಿ ಅದರಿಂದ ಲಾಭ ಪಡೆದರೆ ಆಟಗಾರ ಹೊರಗೆ ಎಂಬ ನಿಯಮ ಇರುವುದು ನಿಜ, ಏನು ಮಾಡಲಿ ಎಂದರು. ಹುಡುಗ ಟೂಲ್‌ಬಾಕ್ಸ್ ತೆರೆದು ಸಿಪಾಯಿಗಳನ್ನು ಎತ್ತಿಡತೊಡಗಿದ.

ನನಗೆ ಏನಾಯಿತೋ. ಕಳ್ಳ ಎಂದನಲ್ಲ, ನಮ್ಮ ಮನೆಗೆ ಬಂದುಹೋಗುವ ಹುಡುಗನನ್ನು! ದಡಕ್ಕನೆ ಎದ್ದೆ. ಮಂಡಿ ಹಿಡಿದುಕೊಂಡಿತು, ಅರ್ಧ ಎದ್ದು ಮೇಜಿನಂಚು ಹಿಡಿದು ಬಗ್ಗಿಯೇ ನಿಂತೆ, ನನ್ನ ಸಿಪಾಯಿಗಳ ಹಾಗೆ. ಆ ಭಂಗಿಯಲ್ಲೇ ಮಾತಾಡಿದೆ.

"ಮೋಸ ಅಂದ್ರೆ ಏನು ಅಂತ ಗೊತ್ತೇನಯ್ಯಾ ನಿನಗೆ? ಮೋಸ ಮಾಡೋನು ಸೇನಾಪತೀನ ಬಂಡೆ ಮೇಲೆ ಹತ್ತಿಸಿ, ಕೈಗೆ ಬಾವುಟ ಕೊಟ್ಟು, ಬನ್ನಿ ಹೊಡೀರಿ ಅಂತ ನಿಲ್ಲಿಸ್ತಾನಾ? ಮೋಸ ಮಾಡೋನು ಮೊದಲು ಬಂದು ಗೋಡೆ ಎಷ್ಟೆತ್ತರ ಇದೆ ಅಂತ ಅಳ್ಕೊಂಡು ಹೋಗ್ತಾನೆ. ಆಮೇಲೆ ಅದಕ್ಕೆ ಸರಿಯಾಗಿ ಸಿಪಾಯಿಗಳ ಕಾಲು ಕತ್ತರಿಸ್ತಾನೆ. ನಾನು ಮಾಡಿದ ಹಾಗೆ."

ಕೊನೆಯ ಮಾತು ಹೇಳಬೇಕೆಂದು ಎದ್ದವನಲ್ಲ ನಾನು. ವಾದದ ಭರದಲ್ಲಿ ಉದಾಹರಣೆ ಬೇಕಿತ್ತು, ಹತ್ತಿರದಲ್ಲಿ ಬೇರೆ ಉದಾಹರಣೆ ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದು ಬೇರೆ ಯಾರನ್ನೋ ಕೂಗಿದರೆ ನಾನು ಹೆಗಲು ಮುಟ್ಟಿ ನೋಡಿಕೊಂಡಂತಾಯಿತು.

ಕನ್ನಡಕದವರು ತಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು.

"ಅಳೆದಿದ್ರಾ?" ಎಂದರು.

"ಅಳೆದಿದ್ದೆ" ಎಂದೆ.

ತೀರ್ಪು ಬಂತು. ಹುಡುಗನ ಸೇನಾಪತಿ ಬಂಡೆಯ ಮೇಲೇ ಇರಬಹುದು. ಆದರೆ ಯಾರಿಗೆ ಯಾರು ಕಾಣುತ್ತಾರೆಂದು ನೋಡುವಾಗ ಅಲ್ಲಿ ಮಾಮೂಲಿ ಸಿಪಾಯಿಯೊಂದನ್ನಿಟ್ಟು ನೋಡತಕ್ಕದ್ದು. ತೋಪಿನವನು ಬದುಕಿದ. ನನ್ನ ಸೈನ್ಯವಂತೂ ತಪ್ಪೊಪ್ಪಿಕೊಂಡೇ ಆಗಿದೆ, ಅದನ್ನು ಎತ್ತಿಡಬೇಕು, ತಾನಾಗಿ ಒಪ್ಪಿಕೊಂಡದ್ದಕ್ಕೆ ಆಟಗಾರ ಹೊರಗೆ ಹೋಗುವುದು ಬೇಡ, ಬೇರೆ ಸೈನ್ಯವಿದ್ದರೆ ಆಡಬಹುದು ಎಂದರು. ನನ್ನ ಬಳಿ ಬೇರೆ ಎಲ್ಲಿತ್ತು? ಇದ್ದವರ ಕಾಲೆಲ್ಲ ಕತ್ತರಿಸಿಯಾಗಿತ್ತು.

ಹುಡುಗ ಟೂಲ್‌ಬಾಕ್ಸಿನ ಕೆಳಗಿನ ಖಾನೆಯನ್ನು ಎಳೆದ. ಅದರಲ್ಲಿ ಇನ್ನೊಂದು ಸೈನ್ಯ. ಅವನು ಮೊಟ್ಟಮೊದಲು ಬಣ್ಣ ಬಳಿದದ್ದಂತೆ. ಕೆನ್ನೆಯ ಬಣ್ಣ ಅಂಗಿಗೆ ಇಳಿದಿದೆ, ಒಬ್ಬನ ಮೀಸೆ ಕಿವಿಯ ತನಕ ಹೋಗಿದೆ.

"ಚೆನ್ನಾಗಿಲ್ಲ ಸಾರ್ ಇವರು" ಎಂದ. "ಆದ್ರೆ ನಿಂತಿದಾರೆ."

ಬೇಕರಿಯವನು ದೊಡ್ಡ ಮನಸ್ಸು ಮಾಡಿ ಆಟವನ್ನು ಮೊದಲಿನಿಂದ ಶುರುಮಾಡಲು ಒಪ್ಪಿದ. ನಾನು ಸೋತೆ. ಆದರೆ ಎಂಥ ಸೋಲು! ಗೋಡೆಯ ಹಿಂದೆ ನಿಲ್ಲಿಸಿದರೆ ಎಲ್ಲರ ತಲೆಯೂ ಕಾಣುತ್ತದೆ, ಅವಿತು ಪ್ರಯೋಜನವಿಲ್ಲ. ಹಾಗಾದರೆ ನುಗ್ಗುವುದೊಂದೇ ದಾರಿ. ಬಯಲಿನಲ್ಲಿ ಎಲ್ಲರನ್ನೂ ಒಟ್ಟಿಗೆ ಓಡಿಸಿದೆ. ಮೀಸೆಯವನು ಒಬ್ಬನೇ ಹಳ್ಳ ದಾಟಿ, ಗುಂಡಿನ ಮಳೆಯಲ್ಲಿ ದಾಳದ ಮೇಲೆ ದಾಳ ಗೆದ್ದುಕೊಂಡು ಬೇಕರಿಯವನ ಬಾವುಟದ ತನಕ ಹೋದ. ಎಲ್ಲರೂ ತಮ್ಮ ಆಟ ಬಿಟ್ಟು ನಮ್ಮ ಮೇಜಿನ ಸುತ್ತ ನಿಂತಿದ್ದರು. ಬಾವುಟಕ್ಕೆ ಒಂದು ಗೇಣು ಇರುವಾಗ ಬಿದ್ದ. ಬೇಕರಿಯವನೇ ಅಯ್ಯೋ ಎಂದ. ನಾನು ಅವನ ಕೈ ಕುಲುಕಿ, ಬಿದ್ದ ರೀತಿ ಚೆನ್ನಾಗಿತ್ತು ಅಲ್ಲವೇ ಎಂದೆ.

ಹುಡುಗ ಸ್ಟುಡಿಯೋದವನನ್ನು ಸೋಲಿಸಿ, ಇನ್ನೊಬ್ಬನನ್ನು ಸೋಲಿಸಿ, ಅಂತಿಮ ಪಂದ್ಯಕ್ಕೆ ಬಂದ. ಎದುರಿಗೆ ಬೇಕರಿಯವನೇ. ಗೆಲುವು ಕೈಯಲ್ಲಿತ್ತು. ಬೇಕರಿಯವನು ಸರದಿ ಮುಗಿಯಿತು ಎನ್ನುವುದರಲ್ಲಿದ್ದ. ಆಗ ಈ ಮಹಾನುಭಾವ ತನ್ನ ಸೇನಾಪತಿಯ ಜಾಗದಲ್ಲಿ ಮಾಮೂಲಿ ಸಿಪಾಯಿಯನ್ನಿಟ್ಟು, ಕನ್ನಡಿ ಹಿಡಿದು ಬಗ್ಗಿ ನೋಡಿ, ನಿಲ್ಲಿ, ಆ ಮುರಿದ ಕಿಟಕಿಯಿಂದ ನಿಮ್ಮವನಿಗೆ ನನ್ನ ಸೇನಾಪತಿ ಕಾಣುತ್ತಾನೆ, ಹೊಡೆಯಬಹುದು ಎಂದ. ಬೇಕರಿಯವನು ದಾಳ ಹಾಕಿದ. ಸೇನಾಪತಿ ಬಿದ್ದ. ಬಹುಮಾನದ ಕಪ್ಪು ಬೇಕರಿಗೆ ಹೋಯಿತು.

ಮನೆಗೆ ಬರುವಾಗ ಹುಡುಗ ಕಾರು ಓಡಿಸುತ್ತಿದ್ದ, ನಾನು ಪಕ್ಕದಲ್ಲಿ, ಆಟ ನೋಡಲು ಬಂದಿದ್ದ ನನ್ನಾಕೆಯೂ ಮಗಳೂ ಹಿಂದೆ. ದಾರಿಯುದ್ದಕ್ಕೂ ಬೈದೆ. ಬಾಯಿ ಮುಚ್ಚಿಕೊಂಡಿದ್ದರೆ ಕಪ್ಪು ಈಗ ನಮ್ಮ ಮನೆಯಲ್ಲಿರುತ್ತಿತ್ತು ಎಂದೆ.

"ಅವರು ಕೇಳಿದ್ರೆ ಹೇಳ್ಲೇಬೇಕಿತ್ತಲ್ಲ ಸಾರ್."

"ಅವನು ಕೇಳಿರಲಿಲ್ವಲ್ಲೋ."

"ಅದಕ್ಕೇ ಹೇಳಿದೆ."

ಇಂಥವನಿಗೆ ಏನು ಹೇಳುವುದು? ಹಿಂದಿನ ಸೀಟಿನಲ್ಲಿ ಅಮ್ಮ ಮಗಳು ಕಿಸಕಿಸ ನಗುತ್ತಿದ್ದರು. ಅವನು ಒಂದು ಹಳದಿ ದೀಪಕ್ಕೆ ಗಾಡಿ ನಿಲ್ಲಿಸಿದ. ಹಿಂದಿನವರೆಲ್ಲ ಹಾರ್ನ್ ಹೊಡೆದರು. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ಅವರನ್ನು ವಿಚಾರಿಸಿಕೊಂಡೆ.

ಮಾರ್ಚ್ 24, ಸೋಮವಾರ

ಬೆಳಿಗ್ಗೆ ಮಗಳು ಬಂದು ಎದುರಿಗೆ ಕೂತು, ಪಂದ್ಯಾವಳಿ ಮುಗಿಯಿತಲ್ಲ, ನಿನ್ನ ತೀರ್ಮಾನ ಏನು ಎಂದಳು.

ಯಾವ ತೀರ್ಮಾನ ಎಂದೆ.

ಮದುವೆ ಎಂದಳು. ಅದಕ್ಕೆ ನಾನು ಯಾವಾಗ ಬೇಡ ಎಂದಿದ್ದೆ ಎಂದು ಕೇಳಿದೆ. ಅವಳು ಅಮ್ಮನ ಮುಖ ನೋಡಿದಳು, ಅಮ್ಮ ಇವಳ ಮುಖ ನೋಡಿದಳು. ಈ ಮನೆಯಲ್ಲಿ ನನ್ನ ಮಾತನ್ನು ಯಾರೂ ಸರಿಯಾಗಿ ಕೇಳಿಸಿಕೊಳ್ಳುವುದಿಲ್ಲ.

ಮಾರ್ಚ್ 30, ಭಾನುವಾರ

ಮಂಡಿಗೆ ಡಾಕ್ಟರು ಪಟ್ಟಿ ಕೊಟ್ಟಿದ್ದಾರೆ. ಹುಡುಗನೂ ನಾನೂ ಕೂತು ಸಿಪಾಯಿಗಳಿಗೆ ಮತ್ತೆ ಕಾಲು ಕೂಡಿಸಿದೆವು. ಕೆಲವರ ತುಂಡು ಕಳೆದುಹೋಗಿತ್ತು, ಅವರಿಗೆ ಹಲ್ಲಿನ ಸೆಟ್ಟಿಗೆ ಒಸಡು ಮಾಡುವ ಗುಲಾಬಿ ಪ್ಲಾಸ್ಟಿಕ್ಕಿನಲ್ಲೇ ಕಾಲು ಮಾಡಿದೆ. ಬಣ್ಣ ಹಚ್ಚಬೇಡಿ ಮಾವ, ಹೀಗೇ ಚೆನ್ನಾಗಿದೆ ಎಂದ. ಸರಿ ಎಂದೆ. ಇನ್ನೊಂದು ಮಂಡಿ ಉಜ್ಜುತ್ತಿದ್ದಾಗ ಅವನು ಕರೆದದ್ದು ಏನೆಂದು ಗಮನಕ್ಕೆ ಬಂತು. ಆಕ್ಷೇಪಿಸಲು ಆಗಲೇ ತಡವಾಗಿತ್ತು, ಮುಂದಿನ ಮಂಡಿ ಎತ್ತಿಕೊಂಡೆ.

ಏಪ್ರಿಲ್ 6, ಭಾನುವಾರ

ಅಳಿಯನ ಅಪ್ಪ ಅಮ್ಮ ಮನೆಗೆ ಬಂದಿದ್ದರು. ಒಳ್ಳೆಯ ಜನ. ತಂದೆ ಕಡಿಮೆ ಮಾತಿನವರು, ತಾಯಿ ಎಲ್ಲವನ್ನೂ ನೇರವಾಗಿ ಕೇಳುವವರು. ಚಹಾ ಆಗಿ, ಮದುವೆ ಯಾವ ತಿಂಗಳು ಎಂಬ ಮಾತೂ ಆದ ಮೇಲೆ ಆಕೆ ನನ್ನತ್ತ ತಿರುಗಿದರು. ನಿಮ್ಮ ಮಗಳಿಗೆ ಅವನು ಹಿಡಿಸಿದ್ದು ಗೊತ್ತು, ನಿಮ್ಮವರಿಗೆ ಅವನ ಡ್ರೈವಿಂಗ್ ಹಿಡಿಸಿದ್ದೂ ಗೊತ್ತು, ನಿಮಗೇನು ಹಿಡಿಸಿತು ಎಂದು ಕೇಳಿದರು.

ಎಲ್ಲರೂ ನನ್ನ ಬಾಯಿ ನೋಡಿದರು. ಮಗಳಂತೂ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟೇ ಕೂತಳು. ಬಾಯಿಗೆ ಬಂದದ್ದನ್ನು ಹೇಳಿದೆ.

"ಎಲ್ಲಿ ನಿಂತಿದ್ರೂ ಕಾಣ್ತಾನೆ" ಎಂದೆ.

ಆಕೆ ಮಗನನ್ನು ಮೇಲಿನಿಂದ ಕೆಳಗಿನ ತನಕ ಒಮ್ಮೆ ನೋಡಿದರು. ಅವನು ನನ್ನ ಭುಜಕ್ಕೂ ಬರುವುದಿಲ್ಲ.

"ಅಷ್ಟೇನೂ ಎತ್ತರ ಇಲ್ವಲ್ಲ ಅವನು" ಎಂದರು.

ನಾನು ವಾದಿಸಲು ಹೋಗಲಿಲ್ಲ. ಹೆತ್ತವರಿಗೆ ಕೆಲವು ಅಳತೆಗಳು ಸಿಕ್ಕುವುದಿಲ್ಲ.